ದೊರೆಗಾಗಿ ಅತ್ತವನು

ಕೋಟೆಯ ಕಾವಲುಗಾರರಿಗೆ ಚಳಿಯಾಯಿತು. ಎಲ್ಲಕ್ಕೂ ಅದೇ ಮೂಲ.

ಆ ಚಳಿಗಾಲ ಬಡಗಣ ಗಾಳಿ ಹಗಲು ರಾತ್ರಿ ಬಿಡದೆ ಬೀಸಿತು. ಸೌದೆ ತರಬೇಕಿದ್ದ ದೋಣಿ ಪಕ್ಕದ ದ್ವೀಪದಲ್ಲೇ ಉಳಿಯಿತು. ಸ್ಮಶಾನದ ಪಕ್ಕದ ಕಾವಲುಗೋಪುರದಲ್ಲಿ ಹಲ್ಲು ಕಟಕಟಿಸುತ್ತ ಕೂತಿದ್ದವರು ಸುತ್ತ ಕಣ್ಣು ಹಾಯಿಸಿದರು. ಒಣ ಮರ ಅಂತ ಕಂಡದ್ದು ಸಮಾಧಿಗಳ ಮೇಲಿನ ಶಿಲುಬೆಗಳು ಮಾತ್ರ. ಒಂದು ಕಿತ್ತರು, ಚೆನ್ನಾಗಿ ಉರಿಯಿತು. ಆಮೇಲೆ ಲೆಕ್ಕ ಇಡಲಿಲ್ಲ. ಊರಿನವರು ದೊರೆಗೆ ದೂರು ಕೊಟ್ಟರು. ದೊರೆ ತದ್ದೇಯೊ ವೆರ್ದಾನಿ ಕಾವಲುಗಾರರನ್ನು ಕರೆಸಿ, ಹಾಗೆ ಮಾಡುವುದು ಪಾಪವೆಂದು ತಿಳಿಸಿ, ಈಗ ಮೈ ಬೆಚ್ಚಗಿದೆಯೇ ಎಂದು ವಿಚಾರಿಸಿ ಕಳಿಸಿದ.

ಹೀಗಾಗಿ ಸತ್ತವರನ್ನು ನೆನೆಯುವ ಆತ್ಮಗಳ ಶನಿವಾರ ಬೆಳಿಗ್ಗೆ, ಕತ್ತೆಗಳಿಗೆ ಜೀನು ಹೊಲಿಯುವ ಲಿಂಬೆರಿಸ್ ಗುದ್ದಲಿ ಹೊತ್ತು ಸ್ಮಶಾನಕ್ಕೆ ಬಂದಾಗ, ಅವನ ಹೆಂಡತಿ ಎಲ್ಲಿದ್ದಾಳೆಂದು ಹೇಳುವವರು ಬೇಕಾದಷ್ಟು ಜನ ಇದ್ದರು. ಗೊತ್ತಿದ್ದವರು ಒಬ್ಬರೂ ಇರಲಿಲ್ಲ.

ಆ ದ್ವೀಪದಲ್ಲಿ ಬಂಡೆ ಜಾಸ್ತಿ, ಮಣ್ಣು ಕಡಿಮೆ. ಸತ್ತವರು ಕೂಡ ಬಹಳ ಕಾಲ ಜಾಗ ಹಿಡಿದುಕೊಂಡು ಮಲಗುವ ಹಾಗಿಲ್ಲ. ಮೂರು ವರ್ಷ ಕಳೆದ ಮೇಲೆ ಅಗೆದು ತೆಗೆಯಬೇಕು; ಮನೆಯವರು ಎಲುಬನ್ನು ದ್ರಾಕ್ಷಾರಸದಲ್ಲಿ ತೊಳೆದು, ಚೀಲಕ್ಕೆ ಹಾಕಿ ಹೊಲಿದು, ಸಂತ ತ್ರಿಫನ್ನನ ಗುಡಿಯ ಹಿಂದಿರುವ ಎಲುಬುಮನೆಯಲ್ಲಿ ಇಡಬೇಕು. ಬೇರೆಯವರಿಗೆ ಅದೊಂದು ಕೆಲಸ. ಲಿಂಬೆರಿಸ್ ಮಾತ್ರ ಆ ದಿನಕ್ಕೆ ಮದುವೆ ದಿನಕ್ಕೆ ಕಾಯುವವನ ಹಾಗೆ ಕಾದಿದ್ದ.

ಅನೆಜಿನಾಳಿಗೆ ಜ್ವರ ಬಂದಾಗ ಅವನು ಎದುರಿನ ನಡುಗಡ್ಡೆಯಲ್ಲಿ ಬಿಟ್ಟಿ ಚಾಕರಿ ಮಾಡುತ್ತಿದ್ದ. ದೊರೆಯ ಹೊಸ ಗೋಪುರಕ್ಕೆ ಕಲ್ಲು ಹೊರುತ್ತಿದ್ದ. ಆಗ ಇದ್ದದ್ದು ಈಗಿನ ದೊರೆಯ ಅಪ್ಪ, ಗಸ್ಪಾರೊ ವೆರ್ದಾನಿ. ಅವನ ಮುತ್ತಜ್ಜ ಇಟಲಿಯಿಂದ ಎರಡು ಹಡಗು ತಂದು, ಕುಡಿಯುವ ನೀರು ತುಂಬಿಸಿಕೊಳ್ಳಲೆಂದು ಇಲ್ಲಿ ಇಳಿದವನು. ನೀರು ಹಿಡಿಸಿರಬೇಕು, ವಾಪಸ್ಸು ಹೋಗಲಿಲ್ಲ. ಲಿಂಬೆರಿಸ್ ಟೊಪ್ಪಿ ಕೈಯಲ್ಲಿ ಹಿಡಿದು ಗಸ್ಪಾರೊನ ಮುಂದೆ ನಿಂತು, ಹೆಂಡತಿಯನ್ನು ನೋಡಿ ಬರಲು ಒಂದು ದೋಣಿ ಕೇಳಿದ.

"ಗೋಪುರ ಮುಗೀಲಿ," ಎಂದ ಗಸ್ಪಾರೊ. "ಜ್ವರ ಎಲ್ಲಿಗೆ ಹೋಗುತ್ತೆ?"

ಜ್ವರ ನಿಜಕ್ಕೂ ಎಲ್ಲಿಗೂ ಹೋಗಲಿಲ್ಲ. ಅನೆಜಿನಾಳನ್ನು ಮುಗಿಸಿ, ಕೋಟೆಯ ಮೆಟ್ಟಿಲು ಹತ್ತಿ, ಅದೇ ವಾರ ಗಸ್ಪಾರೊನನ್ನೂ ಮುಗಿಸಿತು. ಲಿಂಬೆರಿಸ್ ಊರಿಗೆ ಬರುವಷ್ಟರಲ್ಲಿ ಮಣ್ಣು ಒಣಗಿತ್ತು. ಸಾಯುವಾಗ ಅವಳ ಕೈ ಹಿಡಿದದ್ದು ಅವನಲ್ಲ, ಕಣ್ಣು ಮುಚ್ಚಿದ್ದು ಅವನಲ್ಲ, ಒಂದು ಹಿಡಿ ಮಣ್ಣು ಹಾಕಿದ್ದೂ ಅವನಲ್ಲ. ಉಳಿದಿದ್ದದ್ದು ಈ ಒಂದು ಭೇಟಿ. ತನ್ನ ಕೈಯಾರೆ ತೊಳೆದು, ಹೇಳಬೇಕಾದದ್ದನ್ನು ಹೇಳಿ, ಬೀಳ್ಕೊಡಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ಅವನು ದೇವರ ಹತ್ತಿರ ಕೇಳಿರಲಿಲ್ಲ.

"ಇಲ್ಲಿ ಅಗಿ, ಇಲ್ಲಿ," ಎಂದು ನೆಲ ಒದ್ದು ತೋರಿಸಿದ ಪಕ್ಕದ ಮನೆಯ ಯಾಕುಮಿಸ್. ಕರೆಯದೆ ಬರುವುದರಲ್ಲಿ ಅವನು ನೊಣಕ್ಕೆ ಅಣ್ಣ. "ಅವತ್ತು ಮಣ್ಣು ಎಳೆದೋನು ನಾನೇ."

"ನೀನು ಎಳೆದಿದ್ದು ನಿನ್ನ ಸೋದರತ್ತೆಗೆ ಕಣೋ," ಎಂದಳು ಒಬ್ಬ ಮುದುಕಿ.

"ಸೋದರತ್ತೆ ಆ ಮೂಲೇಲಿದಾಳೆ."

"ಆ ಮೂಲೇಲಿರೋದು ಕತ್ತೆ ಕಟ್ಟೋ ಗೂಟ. ಮೂರು ವರ್ಷದಿಂದ ಗೂಟಕ್ಕೆ ದೀಪ ಹಚ್ತಿದೀಯ."

ಅನೆಜಿನಾಳ ತಾಯಿ ಝಫಿರೊ ಕೋಲೂರಿಕೊಂಡು ಮುಂದೆ ಬಂದಳು. ಅವಳ ಎರಡೂ ಕಣ್ಣು ಪೊರೆ ಬಂದು ಬೇಯಿಸಿದ ಮೀನಿನ ಕಣ್ಣಾಗಿದ್ದವು. ಅಳಿಯ ಇದ್ದದ್ದು ಅವಳ ಮನೆಯಲ್ಲೇ. ಮನೆ ಅನೆಜಿನಾಳಿಗೆ ಕೊಟ್ಟ ಬಳುವಳಿ. ಆದರೆ ಮಗಳು ಸತ್ತಂದಿನಿಂದ ಅಳಿಯನ ಜೊತೆ ಅವಳು ಮಾತಾಡಿರಲಿಲ್ಲ. ಏನಿದ್ದರೂ ಅವನ ಕತ್ತೆಗೆ ಹೇಳುತ್ತಿದ್ದಳು.

"ಕತ್ತೇ, ನಿನ್ನ ಯಜಮಾನಂಗೆ ಹೇಳು. ಬಾದಾಮಿ ಮರದ ಸಮುದ್ರದ ಕಡೆ ಅಗೀಲಿ. ನನ್ನ ಮಗಳನ್ನ ಹೂತೋಳು ನಾನು. ಅವನು ಆಗ ಊರಲ್ಲಿರಲಿಲ್ಲ."

ಕೊನೆಯ ಮಾತನ್ನು ಅವಳು ಎಲ್ಲದಕ್ಕೂ ಸೇರಿಸುತ್ತಿದ್ದಳು. ಬೇಳೆ ಬೆಂದಿದೆ, ಅವನು ಆಗ ಊರಲ್ಲಿರಲಿಲ್ಲ. ಸೂರು ಸೋರ್ತಿದೆ, ಅವನು ಆಗ ಊರಲ್ಲಿರಲಿಲ್ಲ.

ಲಿಂಬೆರಿಸ್ ಮರದ ಸಮುದ್ರದ ಕಡೆ ಗುದ್ದಲಿ ಹಾಕಿದ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಕೋಟೆಯ ದಾರಿಯಲ್ಲಿ ಧೂಳು ಕಾಣಿಸಿತು. ಪಾರುಪತ್ತೇಗಾರ ಬಾರ್ತೊಲೊ ಹೇಸರಗತ್ತೆಯ ಮೇಲೆ, ಹಿಂದೆ ಗುದ್ದಲಿ ಹಿಡಿದ ಆಳುಗಳು, ಅವರ ಹಿಂದೆ ಸೈಪ್ರೆಸ್ ಮರದ ಪೆಟ್ಟಿಗೆ. ಶನಿವಾರ ಫ್ರಾಂಕರು, ಅಂದರೆ ಇಟಲಿ ಮೂಲದ ಕೋಟೆಯವರು, ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಶನಿವಾರ ಬಾರ್ತೊಲೊನ ಹತ್ತಿರ ಯಾರೂ ಏನನ್ನೂ ಕೇಳುವುದಿಲ್ಲ.

ವಿಷಯ ಇಷ್ಟು: ಮುದಿ ದೊರೆಯ ಅಮೃತಶಿಲೆಯ ಗೋರಿ ಕೊನೆಗೂ ಹಡಗಿನಲ್ಲಿ ಬಂದಿತ್ತು. ಜ್ವರದ ಗಲಾಟೆಯಲ್ಲಿ ಅವನನ್ನು ಅವಸರವಾಗಿ ಊರವರ ಸ್ಮಶಾನದಲ್ಲೇ ಹೂತಿದ್ದರು, ಗೋರಿ ಬರುವವರೆಗೆ ಎಂದು. ಗೋರಿ ಮೊದಲೊಮ್ಮೆ ಬಂದಿತ್ತು. ಆದರೆ ಶಿಲ್ಪಿ ವೆರ್ದಾನಿ ಮನೆತನದ ಹುಂಜದ ಲಾಂಛನಕ್ಕೆ ಬದಲು ಬಾತುಕೋಳಿ ಕೆತ್ತಿದ್ದ. ವಾಪಸ್ಸು ಹೋಗಿ, ಬಾತುಕೋಳಿಗೆ ಜುಟ್ಟು ಬಂದು, ಮತ್ತೆ ಇಲ್ಲಿಗೆ ತಲುಪುವಷ್ಟರಲ್ಲಿ ಮೂರು ವರ್ಷ ಹಿಡಿಯಿತು.

"ಬಾದಾಮಿ ಮರದ ಗುಡ್ಡದ ಕಡೆ ಅಗೀರಿ," ಎಂದ ಬಾರ್ತೊಲೊ ಇಳಿಯದೆ. "ನಾನೇ ನಿಂತು ಹೂಳಿಸಿದ್ದು."

ಅವನು ನಿಂತದ್ದು ನಿಜ. ಜ್ವರಕ್ಕೆ ಹೆದರಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಾವಲುಗೋಪುರದ ಆಚೆ ನಿಂತಿದ್ದ.

ಎರಡು ಗುಂಡಿಗಳು ಒಟ್ಟಿಗೇ ಆಳವಾದವು. ಲಿಂಬೆರಿಸನ ಗುಂಡಿಯಲ್ಲಿ ಮೊದಲು ತಲೆಬುರುಡೆ ಸಿಕ್ಕಿತು. ಅವನು ಗುದ್ದಲಿ ಎಸೆದು ಮಂಡಿಯೂರಿ, ಬೆರಳಿನಿಂದ ಮಣ್ಣು ಸರಿಸುತ್ತ ಎಡಗೈ ಹುಡುಕಿದ. ಅನೆಜಿನಾ ಮದುವೆಯಾದ ಮೊದಲ ವರ್ಷ, ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮಣ್ಣು ಗಟ್ಟಿಯಾಗಲೆಂದು ಕಲ್ಲಿನ ಉರುಳೆ ಉರುಳಿಸುತ್ತಿದ್ದಾಗ ಕೆಳಗೆ ಬಿದ್ದು ಎಡ ಮಣಿಕಟ್ಟು ಮುರಿದುಕೊಂಡಿದ್ದಳು. ಕೂಡಿದ್ದು ಸೊಟ್ಟಗೆ. ಆಮೇಲೆ ಆ ಕೈ ಯಾವಾಗಲೂ ಏನನ್ನೋ ಕೇಳುತ್ತಿರುವ ಹಾಗೆ ಅಂಗೈ ಮೇಲಾಗಿಯೇ ಇರುತ್ತಿತ್ತು. ಜಗಳವಾಡುವಾಗಲೂ ಅಷ್ಟೇ. ಬಾಯಿ ಬೈಯುತ್ತಿತ್ತು, ಕೈ ಬೇಡುತ್ತಿತ್ತು.

ಗುಂಡಿಯಲ್ಲಿ ಸಿಕ್ಕ ಎಡಗೈ ಗೂಟದ ಹಾಗೆ ನೆಟ್ಟಗಿತ್ತು.

ಲಿಂಬೆರಿಸ್ ತಲೆಯೆತ್ತಿದ. ಮರದ ಆ ಕಡೆ ಬಾರ್ತೊಲೊನ ಆಳು ಒಂದು ತೋಳಿನ ಎಲುಬನ್ನು ಮಣ್ಣು ಕೊಡವಿ ಪೆಟ್ಟಿಗೆಗೆ ಹಾಕುತ್ತಿದ್ದ. ಅದರ ತುದಿ ಸೊಟ್ಟಗಿತ್ತು. ಮುದಿ ದೊರೆ ಕುದುರೆ ಹತ್ತಲು ಮಣೆ ಬೇಕಾಗುವಷ್ಟು ಗಿಡ್ಡ. ಅನೆಜಿನಾ ಉದ್ದನೆಯ ಹೆಂಗಸು. ಬದುಕಿದ್ದಾಗ ಇಬ್ಬರನ್ನೂ ಯಾರೂ ಹೋಲಿಸಿರಲಿಲ್ಲ. ಎಲುಬಾದ ಮೇಲೆ ಇಬ್ಬರೂ ಒಂದೇ ಅಳತೆ.

"ಧಣಿ," ಎಂದು ಕೂಗುತ್ತ ಲಿಂಬೆರಿಸ್ ಗುಂಡಿಯಿಂದ ಹತ್ತಿ ಓಡಿದ. "ನಿಲ್ಲಿಸಿ ಧಣಿ. ಅದು ದೊರೆಗಳಲ್ಲ. ನನ್ನ ಹೆಂಡತಿ."

"ಏನಂದೆ?"

"ಆ ಕೈ ನೋಡಿ. ಮಣಿಕಟ್ಟು ಸೊಟ್ಟ. ಮಾಳಿಗೆಯಿಂದ ಬಿದ್ದು..."

"ನಮ್ಮ ದೊರೆ ನಿನ್ನ ಮಾಳಿಗೆಯಿಂದ ಬಿದ್ರು ಅಂತೀಯಾ?"

"ಅಯ್ಯೋ ಇಲ್ಲ ಧಣಿ, ನನ್ನ ಹೆಂಡತಿ."

"ಅವನು ಹೇಳೋದು ಸರಿ ಧಣಿ," ಎಂದು ಯಾಕುಮಿಸ್ ಸಹಾಯಕ್ಕೆ ಬಂದ. "ದೊಡ್ಡ ದೊರೆ ಕೈ ಸೊಟ್ಟ ಇರಲೇ ಇಲ್ಲ. ಎಲ್ಲಿಗೆ ಬೇಕೋ ಅಲ್ಲಿಗೆ ನೆಟ್ಟಗೆ ಹೋಗೋದು. ನಮ್ಮ ಮನೆ ಎಣ್ಣೆ ಜಾಡಿಗೂ ಬಂದಿತ್ತು."

ಯಾರೋ ಕಿಸಕ್ಕೆಂದರು. ಬಾರ್ತೊಲೊನ ಹಸಿದ ಮುಖ ಕೆಂಪಗಾಯಿತು. "ಇನ್ನೊಂದು ಮಾತಾಡಿದ್ರೆ ಇಬ್ಬರನ್ನೂ ಕೋಟೆಯ ಹಳೇ ನೀರುತೊಟ್ಟಿಗೆ ಇಳಿಸ್ತೀನಿ. ದೊರೆ ಮೈಮೂಳೆ ಯಾವುದು ಅಂತ ನನಗೆ ಜೀನು ಹೊಲಿಯೋನು ಹೇಳಿಕೊಡ್ಬೇಕಾ?"

ಆ ತೊಟ್ಟಿಗೆ ಇಳಿದವರನ್ನು ಊರು ನೋಡಿತ್ತು. ಹತ್ತಿ ಬಂದವರನ್ನು ನೋಡಿರಲಿಲ್ಲ.

ಊರಿನ ಪಾದ್ರಿ ನಿಕಿತಾಸ್ ಲಿಂಬೆರಿಸನ ತೋಳು ಹಿಡಿದು ಪಕ್ಕಕ್ಕೆ ಎಳೆದ. ಗಡ್ಡದೊಳಗಿಂದ ಪಿಸುಗುಟ್ಟಿದ: "ಸುಮ್ನಿರೋ ಮಾರಾಯ. ಎಲುಬು ಎಲ್ಲಿದ್ರೂ ದೇವರು ಹುಡುಕ್ಕೋತಾನೆ. ನೀನು ತೊಟ್ಟಿಗೆ ಬಿದ್ರೆ ನಾನು ಎಲ್ಲಿ ಹುಡುಕಲಿ?"

ಲಿಂಬೆರಿಸ್ ಪೆಟ್ಟಿಗೆಯನ್ನು ನೋಡಿದ. ತೊಟ್ಟಿಯಲ್ಲಿ ಕೂತರೆ ಅವಳನ್ನು ತೊಳೆಯುವವರು ಯಾರು? "ತಪ್ಪಾಯ್ತು ಧಣಿ," ಎಂದ. "ಬಿಸಿಲಿಗೆ ಕಣ್ಣು ಮಂಜಾಗಿತ್ತು."

"ಕೇಳಿಸ್ಕೊಂಡೆಯಾ ಕತ್ತೇ?" ಎಂದಳು ಝಫಿರೊ. ಅವಳ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು. "ಮಗಳು ಯಾವ ಕಡೆ ಇದಾಳೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡ. ಗಂಡಸಂತೆ, ಗಂಡಸು."

ಆಮೇಲೆ ಹೆಂಗಸರು ಲಿಂಬೆರಿಸನ ಗುಂಡಿಯ ಎಲುಬುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಅವನು ಮೂರು ವರ್ಷ ಮುಟ್ಟದೆ ಇಟ್ಟಿದ್ದ ದ್ರಾಕ್ಷಾರಸದ ಜಾಡಿ ಬಗ್ಗಿಸಿದರು. "ಎಷ್ಟು ಹಳದಿ, ಎಷ್ಟು ಚೊಕ್ಕ, ಪುಣ್ಯವಂತೆ," ಎಂದು ಹೊಗಳುತ್ತ ತೊಳೆದರು. ಲಿಂಬೆರಿಸ್ ನಿಂತು ನೋಡಿದ. ಬದುಕಿದ್ದಾಗ ದ್ವೀಪದ ಅರ್ಧ ದ್ರಾಕ್ಷಾರಸ ಕುಡಿದ ಮುದಿ ದೊರೆ ಈಗ ಉಳಿದದ್ದರಲ್ಲಿ ಸ್ನಾನ ಮಾಡುತ್ತಿದ್ದ. ಯಾಕುಮಿಸ್ ಬಂದು ಭುಜ ತಟ್ಟಿ, "ಅಳು, ಅಳು, ಹಗುರಾಗುತ್ತೆ," ಎಂದ.

ಸಂತ ತ್ರಿಫನ್ನನ ಗುಡಿಗೆ ಒಂದೇ ಸೂರು, ಎರಡು ಪೀಠ. ಎಡಗಡೆ ಫ್ರಾಂಕರದು, ಬಲಗಡೆ ಊರವರದು. ಮೆರವಣಿಗೆ ಸಂಜೆಗೆ ಎಂದು ಗೊತ್ತಾಗಿದ್ದರಿಂದ ಪೆಟ್ಟಿಗೆಗೆ ಮೊಳೆ ಹೊಡೆದು ಎಡಗಡೆ ಇಟ್ಟರು. ಎಲುಬಿನ ಚೀಲವನ್ನು ಬಲಗಡೆ ಇಟ್ಟರು. ಊಟವಾದ ಮೇಲೆ ಝಫಿರೊ ಅದರ ಬಾಯಿ ಹೊಲಿಯಬೇಕಿತ್ತು, ಅದು ತಾಯಿಯ ಹಕ್ಕು. ಬಾರ್ತೊಲೊ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ ಮೀನು ತಿನ್ನಲು ಹೋದ. ಊರಿನವರು ಬಾದಾಮಿ ಮರದ ಕೆಳಗೆ ಬೇಯಿಸಿದ ಗೋಧಿ, ಒಣದ್ರಾಕ್ಷಿ ಬಿಚ್ಚಿಕೊಂಡು ಕೂತರು.

ಲಿಂಬೆರಿಸ್ ಗೋಧಿ ಮುಟ್ಟಲಿಲ್ಲ. ಅವನು ನಡುಪಟ್ಟಿಯಲ್ಲಿದ್ದ ಇಕ್ಕಳವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

"ನೀನು ಏನು ಯೋಚನೆ ಮಾಡ್ತಿದೀಯ ಅಂತ ನನಗೆ ಗೊತ್ತು," ಎಂದ ಯಾಕುಮಿಸ್, ಬಾಯ್ತುಂಬ ಗೋಧಿ ತುಂಬಿಕೊಂಡು.

"ಏನೂ ಇಲ್ಲ ಅಣ್ಣ."

"ಕಾವಲಿನವನನ್ನ ನಾನು ನೋಡ್ಕೋತೀನಿ. ನನ್ನ ಹತ್ರ ಒಂದು ಕುಪ್ಪಿ ಇದೆ. ಯಾರಾದ್ರೂ ಬಂದ್ರೆ ಹಾಡ್ತೀನಿ, ನೀನು ಬಚ್ಚಿಟ್ಕೋ. ಬೇಡ ಅನ್ಬೇಡ, ಪಕ್ಕದ ಮನೆಯವರು ಅಂತ ಯಾಕಿರೋದು?"

ಬೇಡ ಎಂದರೂ ಬಿಡುವವನಲ್ಲ. ಸ್ವಲ್ಪ ಹೊತ್ತಿನಲ್ಲಿ ಅವನೂ ಕಾವಲುಗಾರನೂ ಗೋಡೆಯ ನೆರಳಿನಲ್ಲಿ ಕುಪ್ಪಿ ನಡುವೆ ಇಟ್ಟುಕೊಂಡು ಅಣ್ಣತಮ್ಮಂದಿರಾಗಿದ್ದರು. ಲಿಂಬೆರಿಸ್ ಒಳಗೆ ನುಸುಳಿದ.

ಒಳಗೆ ಒಂದೇ ದೀಪ. ಇಕ್ಕಳಕ್ಕೆ ಮೊಳೆಗಳು ಕಿರುಗುಟ್ಟುತ್ತ ಬಂದವು. ಮುಚ್ಚಳ ತೆಗೆದು ಕೈ ಇಳಿಬಿಟ್ಟ. ಮಣಿಕಟ್ಟು ತಾನೇ ಬಂದು ಅಂಗೈಯಲ್ಲಿ ಕೂತಂತೆ ಸಿಕ್ಕಿತು. ಆ ಸೊಟ್ಟ ಅವನಿಗೆ ಕತ್ತಲಲ್ಲಿ ಚೆನ್ನಾಗಿ ಪರಿಚಯ.

ಮೂರು ವರ್ಷದಿಂದ ಅವನು ಮಾತು ಕೂಡಿಟ್ಟಿದ್ದ. ಜೀನು ಹೊಲಿಯುವಾಗ ಒಂದೊಂದೇ ವಾಕ್ಯ ಹೊಲಿದು, ಬಿಚ್ಚಿ, ಮತ್ತೆ ಹೊಲಿದಿದ್ದ. ಈಗ ಬಾಯಿಗೆ ಬಂದದ್ದು ಒಂದೇ.

"ಅನೆಜಿನಾ, ದೋಣಿ ಕೊಡಲಿಲ್ಲ ಕಣೇ."

ಹೊರಗೆ ಯಾಕುಮಿಸ್ ಗಟ್ಟಿಯಾಗಿ ಹಾಡತೊಡಗಿದ.

ಲಿಂಬೆರಿಸ್ ಎದ್ದು ಬಲಗಡೆಗೆ ಓಡಿದ. ಚೀಲದಲ್ಲಿದ್ದ ದೊರೆಯನ್ನು ಪೀಠದ ಮೇಲೆ ಸುರಿದ, ಹೆಂಡತಿಯನ್ನು ಚೀಲಕ್ಕೆ ತುಂಬಿದ, ದೊರೆಯನ್ನು ಬಾಚಿ ಪೆಟ್ಟಿಗೆಗೆ ಹಾಕಿದ. ಎರಡು ದವಡೆ ಯಾರವೆಂದು ಒಂದು ಗಳಿಗೆ ತಬ್ಬಿಬ್ಬಾಗಿ, ಹಲ್ಲು ಕಡಿಮೆ ಇದ್ದದ್ದನ್ನು ದೊರೆಗೆ ಕೊಟ್ಟ. ಹಾಡು ಜೋರಾಯಿತು. ಮುಚ್ಚಳ ಹಾಕಿದ. ಮೊಳೆ ಹೊಡೆದರೆ ಸದ್ದಾಗುತ್ತದೆ. ಹಳೆಯ ತೂತುಗಳಿಗೇ ಮೊಳೆಗಳನ್ನು ಹೆಬ್ಬೆಟ್ಟಿನಿಂದ ಒತ್ತಿದ. ಫ್ರಾಂಕರ ಪೀಠದ ಬಟ್ಟೆಯ ಕೆಳಗೆ ತೂರಿ ಉಸಿರು ಬಿಗಿಹಿಡಿದು ಕೂತ.

ಯಾರೂ ಬರಲಿಲ್ಲ. ಯಾಕುಮಿಸ್ ಎರಡನೆಯ ಹಾಡು ಶುರು ಮಾಡಿದ. ದ್ರಾಕ್ಷಾರಸ ಚೆನ್ನಾಗಿತ್ತು, ಅಷ್ಟೇ.

ಲಿಂಬೆರಿಸ್ ತೆವಳಿ ಹೊರಬಂದು ಚೀಲದ ಮೇಲೆ ಕೈಯಿಟ್ಟ. "ಸಂಜೆ ಎಲುಬುಮನೇಲಿ ಸಿಗ್ತೀನಿ," ಎಂದ. "ಉಳಿದದ್ದು ಅಲ್ಲಿ ಹೇಳ್ತೀನಿ." ಆಮೇಲೆ ಬಿಸಿಲಿಗೆ ಬಂದು, ಮರದ ಕೆಳಗೆ ಕೂತು, ಎರಡು ಬಟ್ಟಲು ಗೋಧಿ ತಿಂದ. ಅತ್ತೆಗೆ ವಿಷಯ ತಿಳಿಸಬೇಕೆನಿಸಿತು. ಆದರೆ ಅವಳು ಮುಖ ತಿರುಗಿಸಿ ಕೂತಿದ್ದಳು, ಸುತ್ತ ಕಿವಿಗಳು. ಸಂಜೆ ಹೇಳಿದರಾಯಿತು ಎಂದುಕೊಂಡ. ಝಫಿರೊ ಸೂಜಿ ದಾರ ಹಿಡಿದು ಗುಡಿಯೊಳಗೆ ಹೋಗಿ, "ಮಗಳ ಜೊತೆ ಒಬ್ಬಳೇ ಇರ್ತೀನಿ," ಎಂದು ಬಾಗಿಲು ಹಾಕಿಕೊಂಡಾಗ ಅವನ ಕಣ್ಣು ತುಂಬಿ ಬಂತು. ಮುದುಕಿ ತಿಳಿಯದೆಯೇ ನಿಜವಾಗಿ ಮಗಳ ಜೊತೆ ಇದ್ದಳು.

ಅವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೊತ್ತು ಇಳಿಯುತ್ತಿದ್ದಂತೆ ಬಾರ್ತೊಲೊ ಬಂದ. ಪೆಟ್ಟಿಗೆ ಎತ್ತುವಾಗ ಮೊಳೆ ಅಲುಗಾಡುತ್ತಿದ್ದದ್ದನ್ನು ನೋಡಿ ಆಳುಗಳಿಗೆ ಬೈದು, ಸುತ್ತಿಗೆ ತರಿಸಿ, ಗೋಡೆ ಅದುರುವಂತೆ ಹೊಡೆಸಿದ. ಒಂದೊಂದು ಏಟಿಗೂ ಲಿಂಬೆರಿಸನಿಗೆ ಖುಷಿಯಾಯಿತು. ಹೊಡೀರಿ, ಹೊಡೀರಿ, ಇನ್ನೂ ಗಟ್ಟಿಯಾಗಿ ಹೊಡೀರಿ. ಪೆಟ್ಟಿಗೆ ಬಾವುಟ, ಮೇಣದ ಬತ್ತಿ, ಫ್ರಾಂಕರ ಬೋಳುಗಡ್ಡದ ಪಾದ್ರಿಯ ಹಾಡಿನೊಂದಿಗೆ ಗುಡ್ಡ ಹತ್ತಿತು. ಊರಿನ ಅರ್ಧ ಜನ ಹಿಂದೆ ಹೋಗಬೇಕೆಂದು ಅಪ್ಪಣೆಯಾಗಿತ್ತು. ಹಲ್ಲುನೋವಿನ ಮುಖ ಮಾಡಿಕೊಂಡು ಹೋದರು.

ಇತ್ತ ನಿಕಿತಾಸ್ ಪಾದ್ರಿ ಪ್ರಾರ್ಥನೆ ಮುಗಿಸಿದ. ಲಿಂಬೆರಿಸ್ ಚೀಲವನ್ನು ಎದೆಗೆ ಒತ್ತಿಕೊಂಡು ಎಲುಬುಮನೆಯ ಮೆಟ್ಟಿಲು ಇಳಿದ. ಎಷ್ಟು ಹಗುರ. ಗೋಡೆಯ ಗೂಡಿನಲ್ಲಿ ಚೀಲ ಇಟ್ಟು, ದೀಪ ಹಚ್ಚಿ, ಎಲ್ಲರೂ ಹೊರಗೆ ಹೋಗುವವರೆಗೆ ಕಾದ. ಝಫಿರೊ ಮಾತ್ರ ಹೋಗಲಿಲ್ಲ. ಇರಲಿ, ಅವಳ ಎದುರೇ ಹೇಳಿದರೂ ಆದೀತು ಎಂದುಕೊಂಡು ಬಾಯಿ ತೆರೆದ.

"ಮಗನೇ," ಎಂದಳು ಝಫಿರೊ.

ಲಿಂಬೆರಿಸ್ ತಿರುಗಿ ನೋಡಿದ. ಕತ್ತೆ ಹೊರಗಿತ್ತು. ಮಾತು ಅವನಿಗೇ.

"ಹತ್ರ ಬಾ ಮಗನೇ. ಯಾರಿಗೂ ಹೇಳ್ಬೇಡ." ಅವಳ ಮುಖ ಮದುಮಗಳ ಮುಖದಂತೆ ಹೊಳೆಯುತ್ತಿತ್ತು. "ಬೆಳಿಗ್ಗೆ ನಿನ್ನನ್ನ ತುಂಬ ಬೈಕೊಂಡೆ. ಹೆದರಿದೆ, ಏನು ಮಾಡ್ತೀಯ, ತೊಟ್ಟಿ ಅಂದ್ರೆ ಯಾರು ಹೆದರಲ್ಲ? ನನಗೇನು, ನಾನು ಮುದುಕಿ. ಹೊಲಿಯೋಕೆ ಅಂತ ಒಳಗೆ ಹೋದೆನಲ್ಲ? ಬದಲಾಯಿಸಿಬಿಟ್ಟೆ."

"ಏನು ಬದಲಾಯಿಸಿದ್ರಿ ಅತ್ತೆ?"

"ಆ ಪೆಟ್ಟಿಗೇಲಿದ್ದೋಳನ್ನ ಚೀಲಕ್ಕೆ ಹಾಕಿದೆ. ಚೀಲದಲ್ಲಿದ್ದ ಆ ಮುದಿ ನಾಯೀನ ಪೆಟ್ಟಿಗೆಗೆ ಹಾಕಿದೆ." ಅವಳು ನಕ್ಕಳು. ಬಾಯಲ್ಲಿ ಹಲ್ಲಿರಲಿಲ್ಲ. "ಪವಾಡ ಅಂದ್ರೆ ಇದು ಕಣಪ್ಪ. ಮೊಳೆ ಹೇಗೆ ಕೀಳೋದು ಅಂತ ಯೋಚನೆ ಮಾಡ್ತಿದ್ದೆ. ಕೈ ಹಾಕಿದ್ರೆ ಬೆಣ್ಣೆಯಿಂದ ಬಂದ ಹಾಗೆ ಬಂದ್ವು. ಅವಳೇ ಬರ್ಬೇಕು ಅಂತ ಒಳಗಿಂದ ನೂಕಿದಾಳೆ."

ದೀಪ ಚಟಪಟ ಅಂದಿತು.

"ಮುಟ್ಟಿ ನೋಡಿದ್ರಾ ಅತ್ತೆ?" ಎಂದ ಲಿಂಬೆರಿಸ್. "ಕೈ... ಮಣಿಕಟ್ಟು?"

"ಎಲ್ಲಿ ಮುಟ್ಟಲಿ? ಆ ಕೈ ಮುಟ್ಟಿದ್ರೆ ಬಾಯಿಬಿಟ್ಟು ಅಳ್ತಿದ್ದೆ, ಊರೆಲ್ಲ ಬರ್ತಿತ್ತು. ಕಣ್ಣು ಮುಚ್ಕೊಂಡು ಮಡಿಲಿಗೆ ಬಾಚ್ಕೊಂಡೆ. ಹೆತ್ತೋಳಿಗೆ ಮುಟ್ಟಿ ನೋಡ್ಬೇಕಾ? ಮಡಿಲಿಗೆ ಬಿದ್ದ ತಕ್ಷಣ ಗೊತ್ತಾಯ್ತು." ಅವಳು ಅವನ ಕೆನ್ನೆ ತಡವಿದಳು. "ಮೂರು ವರ್ಷ ನಿನಗೆ ಒಂದು ಒಳ್ಳೆ ಮಾತಾಡಲಿಲ್ಲ. ಇವತ್ತಿಗೆ ಮುಗೀತು. ಅವಳು ಸಿಕ್ಕಿದಾಳೆ, ನಮ್ಮಿಬ್ಬರದೂ ಮುಗೀತು. ಅಳು ಮಗನೇ. ಈಗ ಅಳು."

ಲಿಂಬೆರಿಸ್ ಚೀಲದ ಕಡೆ ನೋಡಿದ. ಒಳಗೆ ಗಸ್ಪಾರೊ ವೆರ್ದಾನಿ, ದ್ರಾಕ್ಷಾರಸದಲ್ಲಿ ಮಿಂದು, ಅನೆಜಿನಾಳ ಮದುವೆಯ ಹಾಸಿನಿಂದ ಮಾಡಿದ ಚೀಲದಲ್ಲಿ, ಒತ್ತೊತ್ತಾಗಿ ಹಾಕಿದ ಹೊಲಿಗೆಯ ಹಿಂದೆ ಆರಾಮಾಗಿದ್ದ. ಲಿಂಬೆರಿಸನಿಗೆ ಅಳು ಬರಲಿಲ್ಲ. ಕಲ್ಲಿನ ಹಾಗೆ ನಿಂತ.

"ಒಳ್ಳೇದು ಮಾಡಿದ್ರಿ ಅತ್ತೆ," ಎಂದ ಕೊನೆಗೆ. ಮೆಟ್ಟಿಲು ಹತ್ತಿದ. ಹೊರಗೆ ಬಂದ ಮೇಲೆ ಓಡಿದ.

ಕೋಟೆಯ ಗುಡ್ಡವನ್ನು ಅವನು ಕಲ್ಲು ಹೊತ್ತು ಎಷ್ಟೋ ಸಲ ಹತ್ತಿದ್ದ. ಬರಿಗೈಯಲ್ಲಿ ಹತ್ತುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಕೋಟೆಯೊಳಗಿನ ಗುಡಿಯ ಬಾಗಿಲಲ್ಲಿ ನಿಂತಿದ್ದ ಊರಿನವರನ್ನು ಮೊಣಕೈಯಿಂದ ತಳ್ಳಿ ಒಳಗೆ ನುಗ್ಗಿದಾಗ, ಪೆಟ್ಟಿಗೆ ಆಗಲೇ ಗೋರಿಯೊಳಗೆ ಇಳಿದಿತ್ತು. ಆಳುಗಳು ಹಗ್ಗ ಹಿಡಿದು ಅಮೃತಶಿಲೆಯ ಮುಚ್ಚಳವನ್ನು ಇಳಿಸುತ್ತಿದ್ದರು. ಮುಚ್ಚಳದ ಮೇಲೆ ಗಸ್ಪಾರೊ ಕೈಮುಗಿದು ಮಲಗಿದ್ದ, ಬದುಕಿದ್ದಾಗಿನದಕ್ಕಿಂತ ಒಂದು ಮೊಳ ಉದ್ದವಾಗಿ. ಕಾಲ ಬಳಿ ಜುಟ್ಟು ಬಿಟ್ಟ ಬಾತುಕೋಳಿ. ಬೋಳುಗಡ್ಡದ ಪಾದ್ರಿ ಲ್ಯಾಟಿನ್ನಿನಲ್ಲಿ ಏನೋ ಹಾಡುತ್ತಿದ್ದ. ಅನೆಜಿನಾಳಿಗೆ ಲ್ಯಾಟಿನ್ ಬರುತ್ತಿರಲಿಲ್ಲ.

ಮುಚ್ಚಳ ಗುಡುಗಿನಂತೆ ಕೂತಿತು. ಸಂದಿಗೆ ಕಾದ ಸೀಸ ಹೊಯ್ದರು.

ಲಿಂಬೆರಿಸ್ ಕಲ್ಲಿನ ಮೇಲೆ ಬಿದ್ದ. ಕೂಡಿಟ್ಟ ಮಾತುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಗಾಣಕ್ಕೆ ಕಾಲು ಸಿಕ್ಕಿದ ಎತ್ತಿನ ಕೂಗು. ಮೂರು ವರ್ಷದ್ದೆಲ್ಲ ಒಟ್ಟಿಗೆ ಬಂತು. ಮೂಗು ಸೋರಿ, ಟೊಪ್ಪಿ ಬಿದ್ದು, ಕೆನ್ನೆಯನ್ನು ತಣ್ಣನೆ ಕಲ್ಲಿಗೆ ಉಜ್ಜಿಕೊಂಡು ಅತ್ತ. ಗುಡಿಯಲ್ಲಿ ಉಳಿದವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಯಾಕುಮಿಸನದೂ.

"ಯಾರಿವನು?" ಎಂದು ಕೇಳಿದ ದೊರೆ ತದ್ದೇಯೊ.

"ಜೀನು ಹೊಲಿಯೋನು, ಪ್ರಭು," ಎಂದ ಬಾರ್ತೊಲೊ. "ಬೆಳಿಗ್ಗೆ ಎಲುಬಿನ ವಿಷಯಕ್ಕೆ ಹುಚ್ಚುಹುಚ್ಚಾಗಿ ಆಡ್ತಿದ್ದ. ದುಃಖ ಅಂತ ನನಗೆ ತಿಳೀಲಿಲ್ಲ."

ದೊರೆ ಹತ್ತಿರ ಬಂದ. "ನಮ್ಮಪ್ಪನಿಗೆ ನಾನೇ ಅತ್ತಿಲ್ಲ," ಎಂದ ಮೆಲ್ಲಗೆ. ಆಮೇಲೆ ಲಿಂಬೆರಿಸನ ಭುಜದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಈ ದ್ವೀಪದಲ್ಲಿ ಒಬ್ಬನಾದರೂ ನಮ್ಮವನಿದ್ದಾನೆ."

ಲಿಂಬೆರಿಸ್ ಗುಡ್ಡ ಇಳಿದು ಬರುವಷ್ಟರಲ್ಲಿ ಸಂಜೆಗೆಂಪು ಹೋಗಿತ್ತು. ಯಾಕುಮಿಸ್ ಅವನಿಗಿಂತ ಮುಂಚೆ ಇಳಿದಿದ್ದ. ಯಾಕುಮಿಸ್ ಯಾವಾಗಲೂ ಮುಂಚೆ ಇಳಿಯುತ್ತಾನೆ. ಬೀದಿಯಲ್ಲಿ ಕೂತಿದ್ದವರು ಲಿಂಬೆರಿಸ್ ಹತ್ತಿರ ಬಂದಾಗ ಮಾತು ನಿಲ್ಲಿಸಿದರು, ದಾಟಿದ ಮೇಲೆ ಉಗುಳಿದರು. "ಕೋಟೆ ನೆಕ್ಕೋನು," ಎಂದಿತು ಒಂದು ಧ್ವನಿ.

ಮನೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲ ಹೊರಗೆ ಅವನ ಹಾಸಿಗೆ, ಇಕ್ಕಳ, ದಬ್ಬಳ, ಚರ್ಮದ ಕಟ್ಟು ಒಟ್ಟಿಗೆ ಬಿದ್ದಿದ್ದವು.

"ಅತ್ತೆ," ಎಂದು ಕರೆದ.

ಒಳಗೆ ಕೋಲಿನ ಸದ್ದು ಬಾಗಿಲ ತನಕ ಬಂದು ನಿಂತಿತು. "ನನ್ನ ಮಗಳ ಮುಂದೆ ನಿನಗೊಂದು ಹನಿ ಕಣ್ಣೀರು ಬರಲಿಲ್ಲ," ಎಂದಳು ಝಫಿರೊ. ಕಿರುಚಲಿಲ್ಲ, ಅದೇ ಕಷ್ಟವಾಗಿತ್ತು. "ಅಳು ಅಂತ ನಾನೇ ಬೇಡ್ಕೊಂಡೆ. ಕಲ್ಲಿನ ಹಾಗೆ ನಿಂತೆ. ಅಲ್ಲಿಂದ ಓಡಿಹೋಗಿ ಅವನ ಗೋರಿ ಮೇಲೆ ಬಿದ್ದು ಹೊರಳಾಡಿದೆಯಂತೆ. ದೋಣಿ ಕೊಡದೆ ಇದ್ದೋನ ಗೋರಿ ಮೇಲೆ. ಸುಳ್ಳಾ?"

"ಸುಳ್ಳಲ್ಲ."

"ಯಾಕೆ? ಒಂದು ಕಾರಣ ಹೇಳು. ಒಂದೇ ಒಂದು. ಬಾಗಿಲು ತೆಗೀತೀನಿ. ನಿನ್ನನ್ನ ಮಗನೇ ಅಂತ ಕರೆದಿದೀನಿ, ಆ ಮಾತಿಗಾದ್ರೂ ತೆಗೀತೀನಿ."

ಕಾರಣ ಅವನ ನಾಲಿಗೆಯ ತುದಿಯಲ್ಲಿತ್ತು. ಒಂದು ವಾಕ್ಯ ಸಾಕು, ಬಾಗಿಲು ತೆರೆಯುತ್ತಿತ್ತು. ಆಮೇಲೆ ಮುದುಕಿ ಇರುವಷ್ಟು ದಿನ ನಿದ್ದೆ ಮಾಡುತ್ತಿರಲಿಲ್ಲ. ಅವಳು ಉಸಿರು ಹಿಡಿದು ಕಾಯುತ್ತಿರುವುದು ಹಲಗೆಯ ಸಂದಿಯಿಂದ ಅವನಿಗೆ ಕೇಳಿಸುತ್ತಿತ್ತು.

"ದೊರೆ ಒಳ್ಳೆಯವರಾಗಿದ್ರು ಅತ್ತೆ," ಎಂದ ಲಿಂಬೆರಿಸ್.

ಒಳಗೆ ಅಗುಳಿ ಬಿತ್ತು.